ರೀಡಿಲ್ಲದ ಸ್ಯಾಕ್ಸೋಫೋನ್

ಬೆಳಗಿನ ಎಳೆಬಿಸಿಲಿಗೆ ಬೆನ್ನು ಕೊಟ್ಟು ಅಮ್ಮಾಜಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಗಂಡ ಚನ್ನಕೇಶವ ಪಕ್ಕದಲ್ಲೇ ಕೂತು ಹುಳು ಬಿದ್ದ ಕಾಳನ್ನು ಆರಿಸಿ ಎಸೆಯುತ್ತಿದ್ದ. ಮಗಳ ಮಗಳು ಯಾಮಿನಿ ಕಂಬಕ್ಕೊರಗಿ ಫೋನು ನೋಡುತ್ತಿದ್ದಳು. ಚಿಕ್ಕಬಳ್ಳಾಪುರದ ಕಾಲೇಜು ನಂದಿಯಿಂದ ಹತ್ತಿರವೆಂದು ಅವಳು ಮೂರು ವರ್ಷದಿಂದ ಅಜ್ಜಿ ತಾತನ ಮನೆಯಲ್ಲೇ ಇದ್ದಳು.

"ತಾತ, ಇದನ್ನ ಕೇಳು. ಚೆನ್ನೈನೋರು ಯಾರೋ ಬರ್ದಿದ್ದಾರೆ. 'ಫೋಟೋದಲ್ಲಿ ಇವರ ಬಲಗೈ ಮೇಲಿದೆ, ಎಡಗೈ ಕೆಳಗಿದೆ. ಸ್ಯಾಕ್ಸೋಫೋನ್ ಊದೋರೆಲ್ಲ ಎಡಗೈನೇ ಮೇಲಿಡೋದು. ಹೀಗೆ ಉಲ್ಟಾ ಹಿಡಿದು ಇಂಥ ಬ್ಲೂಸ್ ಊದಿರೋ ಮನುಷ್ಯ ಇವರೊಬ್ಬರೇ ಇರಬೇಕು.' ನೂರಾ ನಲವತ್ತು ಲೈಕ್ ಬಿದ್ದಿದೆ ತಾತ ಇದೊಂದಕ್ಕೇ!"

ಚನ್ನಕೇಶವನ ಕೈ ಮೊರದ ಮೇಲೆ ಹಾಗೇ ನಿಂತಿತು.

"ಉಲ್ಟಾ ಅಂದ್ರೆ ಉಲ್ಟಾನೇ," ಅಂದಳು ಅಮ್ಮಾಜಮ್ಮ, ತಲೆ ಎತ್ತದೆ. "ನಿಮ್ ತಾತ ಯಾವುದನ್ನ ನೆಟ್ಟಗೆ ಹಿಡ್ದಿದ್ದಾರೆ ಹೇಳು. ಗುದ್ದಲಿನೂ ಹಂಗೇ. ಅದಿರ್ಲಿ, ಬ್ಲೂಸ್ ಅಂದ್ರೇನೇ?"

"ಅಮೆರಿಕದಲ್ಲಿ ಹತ್ತಿ ಹೊಲದಲ್ಲಿ ದುಡೀತಿದ್ದ ಕಪ್ಪು ಜನ ಹಾಡ್ಕೋತಿದ್ದ ಹಾಡಂತೆ ಅಜ್ಜಿ. ಸ್ವರಾನ ನೇರವಾಗಿ ಮುಟ್ಟಲ್ಲ. ಪಕ್ಕದಿಂದ ಬಗ್ಗಿಸ್ಕೊಂಡು ಬಂದು ಮುಟ್ತಾರೆ. ಅತ್ತ ಹಾಗೆ ಕೇಳ್ಸುತ್ತೆ."

"ಅಳೋದಕ್ಕೂ ಒಂದು ಹೆಸರಾ ನಮ್ಮಪ್ಪನೇ," ಎಂದು ಅಮ್ಮಾಜಮ್ಮ ಗಂಡನ ಮುಖ ನೋಡಿದಳು. ಆ ನೋಟದಲ್ಲಿ ಏನಿದೆಯೆಂದು ಅವನಿಗೆ ಗೊತ್ತಿತ್ತು. ಅವನು ಕಾಳಿನ ಕಡೆ ಕಣ್ಣು ತಿರುಗಿಸಿದ.

ಮೂರು ತಿಂಗಳ ಹಿಂದೆ ಬೀರುವಿನಲ್ಲಿ ಶಾಲುಗಳ ಕೆಳಗೆ ಯಾಮಿನಿಗೆ ಒಂದು ಕ್ಯಾಸೆಟ್ ಸಿಕ್ಕಿತ್ತು. ಕೈವಾರ ತಾತಯ್ಯನವರ ಪದಗಳು, ಸ್ಯಾಕ್ಸೋಫೋನ್ ವಾದನ ಚನ್ನಕೇಶವ ಎಂದು ಅದರ ಮೇಲೆ ಅಚ್ಚಾಗಿತ್ತು. ಜೊತೆಗೆ ಕೆಂಪು ಕೋಟು ಹಾಕಿ, ಹಣೆಗೆ ನಾಮ ಇಟ್ಟು, ಸ್ಯಾಕ್ಸೋಫೋನ್ ಹಿಡಿದು ನಿಂತ ಮೂವತ್ತನಾಲ್ಕರ ಚನ್ನಕೇಶವನ ಫೋಟೋ. ಅವಳು ಅದನ್ನು ಕಂಪ್ಯೂಟರಿಗೆ ಹಾಕಿಸಿ, ಫೋಟೋ ಸಮೇತ ಯೂಟ್ಯೂಬಿಗೆ ಬಿಟ್ಟಳು. ಮೊದಲ ವಾರ ಕೇಳಿದವರು ಹನ್ನೊಂದು ಜನ. ಆಮೇಲೆ ಹಳೆಯ ರೆಕಾರ್ಡು ಕೂಡಿಡುವ ಬೆಂಗಳೂರಿನ ಸುನೀಲ್‌ಕುಮಾರ್ ಎಂಬಾತನ ಕಿವಿಗೆ ಅದು ಬಿತ್ತು. ತತ್ತ್ವಪದದೊಳಗೆ ಯಾರೋ ಬ್ಲೂಸು, ಜಾಜು ಎರಡನ್ನೂ ಬೆರೆಸಿದ್ದಾರೆ, ಇದನ್ನು ನಂದಿಯಲ್ಲಿ ಕೂತವರೊಬ್ಬರು ಕಲಿತದ್ದು ಹೇಗೆ ಎಂದು ಆತ ಕಂಡಕಂಡವರಿಗೆಲ್ಲ ಕಳಿಸಿದ. ಈಗ ಬರುವ ಭಾನುವಾರ ಚಿಕ್ಕಬಳ್ಳಾಪುರದಲ್ಲಿ ಚನ್ನಕೇಶವನಿಗೆ ಸನ್ಮಾನ. ಊದುವ ಹಾಗಿಲ್ಲ ಎನ್ನುವುದು ಸನ್ಮಾನ ಮಾಡುವವರಿಗೂ ಗೊತ್ತು. ಹರ್ನಿಯಾ ಆಪರೇಷನ್ ಆಗಿದೆ, ಊದಿದರೆ ಹೊಲಿಗೆ ಬಿಚ್ಚುತ್ತೆ ಎಂದು ಚನ್ನಕೇಶವ ಇಪ್ಪತ್ತೆಂಟು ವರ್ಷದಿಂದ ಹೇಳಿಕೊಂಡು ಬಂದಿದ್ದ. ಊದದಿದ್ದರೂ ನಿಮ್ಮ ಜೀವನದ ಕಥೆ ಹೇಳಿದರೆ ಸಾಕು ಎಂದಿದ್ದ ಸುನೀಲ್‌ಕುಮಾರ್.

ಹೇಳುವುದಕ್ಕೆ ಕಥೆ ಇರಬೇಕಲ್ಲ.

ಚಿಕ್ಕಬಳ್ಳಾಪುರದ ಎರ್ರಪ್ಪನ ಬ್ಯಾಂಡ್ ಸೆಟ್ಟಿನಲ್ಲಿ ಹನ್ನೆರಡು ಕೆಂಪು ಕೋಟುಗಳಿದ್ದವು. ಬಾರಿಸಲು, ಊದಲು ಬರುತ್ತಿದ್ದವರು ಏಳು ಜನ ಮಾತ್ರ. ಮದುವೆ ಮನೆಯವರು ತಲೆ ಎಣಿಸಿ ಬ್ಯಾಂಡು ಗೊತ್ತು ಮಾಡುವವರಾದ್ದರಿಂದ ಉಳಿದ ಐದು ಕೋಟಿಗೆ ಎರ್ರಪ್ಪ ಆಳು ಹುಡುಕುತ್ತಿದ್ದ. ಇವರಿಗೆ ಡಮ್ಮಿ ಎಂದು ಹೆಸರು. ಡಮ್ಮಿಗಳು ವಾದ್ಯ ಹಿಡಿದು, ಕೆನ್ನೆ ಉಬ್ಬಿಸಿ, ಬೆರಳಾಡಿಸುತ್ತ ಸಾಲಿನಲ್ಲಿ ನಡೆಯಬೇಕು. ಸದ್ದು ಮಾಡಬಾರದು. ಹುರುಪಿಗೆ ಬಿದ್ದು ಯಾವನಾದರೂ ಊದಿಬಿಟ್ಟಾನೆಂದು ಎರ್ರಪ್ಪ ಡಮ್ಮಿಯ ಸ್ಯಾಕ್ಸೋಫೋನಿನ ಬಾಯಿಂದ ರೀಡು ಬಿಚ್ಚಿ ತನ್ನ ಜೇಬಿಗೆ ಹಾಕಿಕೊಳ್ಳುತ್ತಿದ್ದ. ತುಟಿಗೆ ತಾಗುವ ಆ ಬೆತ್ತದ ಸೀಳು ಇಲ್ಲದಿದ್ದರೆ ಎಷ್ಟು ಊದಿದರೂ ಬರೀ ಗಾಳಿ.

ಚನ್ನಕೇಶವ ಎತ್ತರದ ಆಳು, ಕೋಟು ಹೇಳಿ ಮಾಡಿಸಿದಂತೆ ಕೂರುತ್ತಿತ್ತು. "ನುವ್ವು ನಿಲಬಡ್ತೇ ಚಾಲು ರಾ," ಅನ್ನುತ್ತಿದ್ದ ಎರ್ರಪ್ಪ. ನೀನು ನಿಂತರೆ ಸಾಕು ಕಣೋ. ದ್ರಾಕ್ಷಿ ತೋಟದ ಕೆಲಸ ಇಲ್ಲದ ತಿಂಗಳುಗಳಲ್ಲಿ ಚನ್ನಕೇಶವ ಹೀಗೆ ಒಂಬತ್ತು ವರ್ಷ ನಿಂತ. ಹೆಣ್ಣಿನ ಮನೆ ಮುಂದೆ ಬ್ಯಾಂಡು ಎರಡು ಸಾಲಾಗಿ ಎದುರುಬದುರು ನಿಲ್ಲುವ ಪದ್ಧತಿ. ಅವನ ಎದುರಿಗೆ ಶಿಡ್ಲಘಟ್ಟದ ಲಾಲ್ ಬಾಷಾ ನಿಲ್ಲುತ್ತಿದ್ದ. ಲಾಲ್ ಬಾಷಾನ ಬೆರಳು ನೋಡಿಕೊಂಡೇ ಚನ್ನಕೇಶವ ಬೆರಳಾಡಿಸಲು ಕಲಿತದ್ದು. ಕನ್ನಡಿಯಲ್ಲಿ ನೋಡಿ ಕಲಿತವನ ಹಾಗೆ ಅವನ ಕೈ ಮೇಲೆಕೆಳಗಾಯಿತು. ಡಮ್ಮಿಯ ಕೈ ಎಲ್ಲಿದ್ದರೇನು ಎಂದು ಯಾರೂ ತಿದ್ದಲಿಲ್ಲ.

ಮೆರವಣಿಗೆ ಮುಗಿದು ಉಳಿದವರು ಊಟದ ಕರೆಗೆ ಕಾಯುತ್ತ ಬೀಡಿ ಹಚ್ಚಿದಾಗ ಲಾಲ್ ಬಾಷಾ ತೋಪಿನ ಕಡೆ ಹೋಗಿ ತನ್ನಷ್ಟಕ್ಕೆ ಊದಿಕೊಳ್ಳುತ್ತಿದ್ದ. ಸಿನಿಮಾ ಹಾಡಲ್ಲ, ಪದವೂ ಅಲ್ಲ. ಏನೋ ಒಂದು ಸ್ವರ ಹಿಡಿದು, ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತ ಇರುತ್ತಿದ್ದ. ಚನ್ನಕೇಶವ ಊಟ ಬಿಟ್ಟು ಅಲ್ಲಿ ಕೂತು ಕೇಳುತ್ತಿದ್ದ. ಹಾಗೆ ಕೇಳಿದವನು ಬ್ಯಾಂಡಿನಲ್ಲಿ ಅವನೊಬ್ಬನೇ. ಆದ್ದರಿಂದಲೇ, ತಾನು ತೆಗೆದುಕೊಂಡದ್ದು ಎಂಥದ್ದು ಎಂದು ಗೊತ್ತಿರಲಿಲ್ಲ ಅನ್ನುವ ಹಾಗೂ ಅವನಿಗೆ ಇರಲಿಲ್ಲ.

ತೊಂಬತ್ನಾಲ್ಕರಲ್ಲಿ ಚಿಂತಾಮಣಿಯ ಕ್ಯಾಸೆಟ್ ಅಂಗಡಿಯವನೊಬ್ಬ ಲಾಲ್ ಬಾಷಾನನ್ನು ಬೆಂಗಳೂರಿನ ಸ್ಟುಡಿಯೋಗೆ ಕರೆದುಕೊಂಡು ಹೋಗಿ ಒಂದೇ ದಿನದಲ್ಲಿ ಹತ್ತು ಪದ ಊದಿಸಿದ. ಕವರು ಅಚ್ಚಿಗೆ ಹೋಗುವ ಹೊತ್ತಿಗೆ ಆ ಅಂಗಡಿಯವನಿಗೆ ಅನುಮಾನ ಹತ್ತಿತು. ತಾತಯ್ಯನವರ ಕ್ಯಾಸೆಟ್ಟಿನ ಮೇಲೆ ಸಾಬರ ಹೆಸರಿದ್ದರೆ ಜನ ಕೊಳ್ಳುತ್ತಾರೋ ಇಲ್ಲವೋ. ಕೈವಾರದಲ್ಲೇ ಲಾಲ್ ಬಾಷಾ ಎಷ್ಟೋ ಸಲ ಊದಿದ್ದ. ಭಕ್ತರು ಕಣ್ಣು ಮುಚ್ಚಿ ಕೇಳಿ ಪ್ರಸಾದ ಕೊಟ್ಟು ಕಳಿಸಿದ್ದರು. ಅನುಮಾನ ಅಂಗಡಿಯವನದು ಮಾತ್ರ. ಅವನು ಎರ್ರಪ್ಪನನ್ನು ಒಂದು ಮುಖ ಕೇಳಿದ, ಎರ್ರಪ್ಪ ಚನ್ನಕೇಶವನನ್ನು ಕೇಳಿದ. ಚನ್ನಕೇಶವ ಹೂಂ ಅಂದ.

ಯೋಚಿಸುತ್ತೇನೆ ಅನ್ನಬಹುದಿತ್ತು. ಬಾಷಣ್ಣನನ್ನು ಒಂದು ಮಾತು ಕೇಳುತ್ತೇನೆ ಅನ್ನಬಹುದಿತ್ತು. ಕೇಳಿದ ಬಾಯಿ ಮುಚ್ಚುವ ಮೊದಲೇ ಹೂಂ ಅಂದಿದ್ದ. ಮೂವತ್ತು ವರ್ಷದಿಂದ ಅವನನ್ನು ತಿನ್ನುತ್ತಿದ್ದದ್ದು ಆ ಹೂಂ. ಕ್ಯಾಸೆಟ್ ಬಂದ ಮೇಲೆ ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನ ಅಂಗಡಿ ಮುಂದೆ ಇಬ್ಬರೂ ಎದುರಾದರು. ಲಾಲ್ ಬಾಷಾ ಕವರನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದ. "ಫೋಟೋ ಚೆನ್ನಾಗಿ ಬಂದಿದೆ ಕಣಪ್ಪ," ಎಂದು ವಾಪಸು ಇಟ್ಟು ಹೋದ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಆಮೇಲೆ ಚನ್ನಕೇಶವ ಬ್ಯಾಂಡು ಬಿಟ್ಟ. ಕ್ಯಾಸೆಟ್ಟಿನ ಹೆಸರಿನ ಮೇಲೆ ಹಾಲಿನ ಡೈರಿಯ ಕಾರ್ಯದರ್ಶಿಯಾದ, ಶಾಲು ಹೊದಿಸಿಕೊಂಡ, ಮಗಳು ಹರಿಣಿಗೆ ಒಳ್ಳೆಯ ಸಂಬಂಧ ಬಂತು. ಶಿಡ್ಲಘಟ್ಟದ ಕಡೆಗೆ ಮಾತ್ರ ತಲೆ ಹಾಕಲಿಲ್ಲ.

"ತಾತ, ನಿನ್ ಜೊತೆ ಊದ್ತಿದ್ದೋರು ಯಾರಾದ್ರೂ ಇದ್ದಾರಾ ಅಂತ ಸುನೀಲ್ ಸರ್ ಕೇಳ್ತಿದ್ರು," ಅಂದಳು ಯಾಮಿನಿ.

"ಎಲ್ಲ ಹೋದ್ರಮ್ಮ. ಎರ್ರಪ್ಪ ಹೋಗಿ ಹದಿನೈದು ವರ್ಷ ಆಯ್ತು."

"ಸುಳ್ಳು! ಲಾಲ್ ಬಾಷಾ ಅಂತ ಒಬ್ರಿದ್ದಾರೆ ಶಿಡ್ಲಘಟ್ಟದಲ್ಲಿ. ನಮ್ ಕ್ಲಾಸಿನ ಇಫ್ರಾ ಇದ್ದಾಳಲ್ಲ, ಅವಳ ದಾದಾನೇ, ಅವ್ರಪ್ಪನ ಅಪ್ಪ. ನಿನ್ನ ಫೋಟೋ ತೋರ್ಸಿದ್ರೆ ನಮ್ ದಾದಾನೂ ಇಂಥದ್ದೇ ಕೋಟ್ ಹಾಕ್ತಿದ್ರು ಅಂದ್ಲು. ನಾಳೆ ಬರ್ತೀವಿ ಅಂತ ಹೇಳ್ಬಿಟ್ಟಿದ್ದೀನಿ."

ಅಮ್ಮಾಜಮ್ಮ ಸಿಪ್ಪೆ ಕೊಡವಿ ಎದ್ದಳು. ಯಾಮಿನಿ ಒಳಗೆ ಹೋದ ಮೇಲೆ ಗಂಡನ ಹತ್ತಿರ ಬಗ್ಗಿ, "ಜ್ವರ ಅಂತ ಮಲ್ಕೊಳ್ಳಿ, ಇಲ್ಲಾ ಹೋಗಿ ಬನ್ನಿ. ಎರಡೇ ದಾರಿ. ನನ್ನ ಮಾತ್ರ ಸಾಕ್ಷಿ ಕೇಳ್ಬೇಡಿ," ಅಂದಳು.

ಜ್ವರವೆಂದು ಮಲಗುವುದಕ್ಕೂ ಅವನಿಗೆ ಧೈರ್ಯ ಬರಲಿಲ್ಲ.

ಲಾಲ್ ಬಾಷಾನ ಮನೆ ಶಿಡ್ಲಘಟ್ಟದ ಹಿಂದಿನ ಬೀದಿಯಲ್ಲಿತ್ತು. ಪಕ್ಕದ ಶೆಡ್ಡಿನಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಬೆಂದ ಹುಳುವಿನ ವಾಸನೆ ಗಲ್ಲಿಯ ತುದಿಯಿಂದಲೇ ಮೂಗಿಗೆ ಬಡಿಯಿತು. ಬಾಗಿಲಲ್ಲಿ ಕಾದಿದ್ದ ಇಫ್ರಾ ಯಾಮಿನಿಯ ಕೈ ಹಿಡಿದು ಒಳಗೆ ಕರೆದಳು. ನಡುಮನೆಯ ಮಂಚದ ಮೇಲೆ ಕೂತಿದ್ದ ಮುದುಕನನ್ನು ನೋಡಿ ಚನ್ನಕೇಶವ ಹೊಸ್ತಿಲಲ್ಲೇ ನಿಂತ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಲಾಲ್ ಬಾಷಾನ ಬಾಯಿಯ ಎಡತುದಿ ಕೆಳಗೆ ಜಗ್ಗಿತ್ತು. ಸ್ಯಾಕ್ಸೋಫೋನ್ ಇರಲಿ, ಆ ತುಟಿ ಬಿಸಿ ಚಹಾ ಆರಿಸುವುದಕ್ಕೂ ಒದಗುವಂತಿರಲಿಲ್ಲ.

"ಬಾರಪ್ಪ ಚನ್ನಕೇಶವ. ಒಳಗೆ ಬರೋಕೂ ಬ್ಯಾಂಡ್ ಬಾರಿಸ್ಬೇಕಾ?"

"ಬಾಷಣ್ಣ, ಹೆಂಗಿದ್ದೀಯ?"

"ಕಾಣ್ತಾ ಇದೆಯಲ್ಲ. ಅರ್ಧ ಮೂತಿ ನಗುತ್ತೆ, ಅರ್ಧ ಮೂತಿ ರಜಾ ಹಾಕಿದೆ."

ಹುಡುಗಿಯರಿಬ್ಬರೂ ನಕ್ಕರು. ಲಾಲ್ ಬಾಷಾನ ಹೆಂಡತಿ ರಹಮತುನ್ನೀಸಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಚನ್ನಕೇಶವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಚೆನ್ನಾಗಿದ್ದೀರಾ?" ಎಂದೂ ಕೇಳದೆ ಒಳಗೆ ಹೋದಳು.

ಯಾಮಿನಿ ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ ಮಂಚದ ಮೇಲಿಟ್ಟಳು. "ತಾತ ಊದೋದನ್ನ ನೀವು ಹತ್ರದಿಂದ ಕೇಳಿದ್ದೀರಲ್ವಾ ಅಜ್ಜ? ತಾತನ್ನ ಕೇಳಿದ್ರೆ ಏನೂ ಹೇಳಲ್ಲ. ಈ ಬ್ಲೂಸ್ ಅವ್ರಿಗೆ ಕಲ್ಸಿದ್ದು ಯಾರು?"

ಲಾಲ್ ಬಾಷಾ ಚನ್ನಕೇಶವನ ಕಡೆ ನೋಡಿದ. ಒಂದು ಕ್ಷಣ, ಅಷ್ಟೇ. ಅಷ್ಟರಲ್ಲೇ ಅವನಿಗೆ ಎಲ್ಲ ಅರ್ಥವಾಯಿತೆಂದು ಚನ್ನಕೇಶವನಿಗೂ ತಿಳಿಯಿತು. ಲಾಲ್ ಬಾಷಾ ಗಂಟಲು ಸರಿಮಾಡಿಕೊಂಡ.

"ಇವ್ರಾ? ಇವ್ರು ಚಿಕ್ಕ ವಯಸ್ಸಲ್ಲಿ ಶಿವಾಜಿನಗರಕ್ಕೆ ಹೋಗಿದ್ರು ಬೇಟಿ. ವಾದ್ಯ ರಿಪೇರಿ ಅಂಗಡೀಲಿ ಹಿತ್ತಾಳೆ ತಿಕ್ಕೋ ಕೆಲ್ಸ. ಅಲ್ಲಿಗೊಬ್ಬ ಆಂಗ್ಲೋ-ಇಂಡಿಯನ್ ಮುದುಕ ಬರೋನು. ದಂಡಿನ ಹೋಟ್ಲಲ್ಲಿ ಜಾಜ್ ಊದೋನು. ಇವ್ರ ಕೈಗೆ ಸ್ಯಾಕ್ಸ್ ಕೊಟ್ಟು ಒಂದೇ ಒಂದು ಸ್ವರ ಊದು ಅಂದ. ಒಂದು ತಿಂಗ್ಳು ಅದೊಂದೇ. ಸಾಕಾ ಅಂದ್ರೆ, ಅದಿನ್ನೂ ಅತ್ತಿಲ್ಲ, ಅಳೋವರ್ಗೂ ಊದು ಅನ್ನೋನು."

"ಹೌದಾ ತಾತ!" ಅಂದಳು ಯಾಮಿನಿ. ಅವಳ ಕಣ್ಣು ಅರಳಿತ್ತು.

ಚನ್ನಕೇಶವ ನೆಲ ನೋಡುತ್ತಿದ್ದ. ಲಾಲ್ ಬಾಷಾನ ಮಾತು ನಿಧಾನವಾಗಿ, ಸೊಟ್ಟ ತುಟಿಯ ಸಂದಿಯಿಂದ, ನಿಲ್ಲದೆ ಬರುತ್ತಿತ್ತು. ಮುದುಕ ತನ್ನ ಕೋಣೆಯಲ್ಲಿ ಗ್ರಾಮಫೋನಿನ ಕಪ್ಪು ತಟ್ಟೆಗಳನ್ನು ಹಾಕಿ ಕೇಳಿಸಿದ್ದು, ಹಾಡಿದವರ ಭಾಷೆ ತಿಳಿಯದಿದ್ದರೂ ಕೂಲಿಯವರ ದಣಿವು ತಿಳಿದದ್ದು, ಆರು ವರ್ಷ ಶನಿವಾರ ಶನಿವಾರ ಆ ಹೋಟೆಲಿನಲ್ಲಿ ಅವನ ಪಕ್ಕ ನಿಂತು ಊದಿದ್ದು, ಮುದುಕ ಸಾಯುವಾಗ ತನ್ನ ಸ್ಯಾಕ್ಸೋಫೋನನ್ನೇ ಕೊಟ್ಟು ಹೋದದ್ದು. ಎಲ್ಲಕ್ಕೂ ಲಾಲ್ ಬಾಷಾ 'ಇವ್ರು, ಇವ್ರು' ಎಂದೇ ಹೇಳುತ್ತಿದ್ದ. ಅಂದು ಚನ್ನಕೇಶವ ತೆಗೆದುಕೊಂಡದ್ದು ಊದಿದ ಸದ್ದನ್ನು. ಇವತ್ತು ಅದನ್ನು ಊದಿದವನೇ ತನ್ನ ಇಡೀ ಆಯಸ್ಸನ್ನು ಒಂದೊಂದಾಗಿ ತೆಗೆದು ಅವನ ಮಡಿಲಿಗೆ ಹಾಕುತ್ತಿದ್ದ. ಇದು ಹೀಗೇ ಮುಗಿದರೆ ಭಾನುವಾರ ಹೇಳಲು ಒಂದು ಕಥೆಯಾಯಿತು ಎಂದು ಮನಸ್ಸಿನ ಯಾವುದೋ ಮೂಲೆ ಲೆಕ್ಕ ಹಾಕಿದ್ದು ಅವನಿಗೇ ಗೊತ್ತಾಗಿ, ಕಿವಿ ಬಿಸಿಯಾಯಿತು.

"ಆಮೇಲೆ ಇವ್ರ ತಂದೆ ತೀರ್ಕೊಂಡ್ರು. ಇಪ್ಪತ್ತೈದರ ವಯಸ್ಸು. ಮನೆ ನೋಡೋರು ಬೇಕಲ್ಲ, ಸ್ಯಾಕ್ಸ್ ಹೊತ್ಕೊಂಡು ವಾಪಸ್ ಬಂದ್ರು."

ಯಾಮಿನಿಯ ಹುಬ್ಬು ಗಂಟಾಯಿತು. "ಮುತ್ತಾತ ತೀರ್ಕೊಂಡಿದ್ದು ನಮ್ಮಮ್ಮನ ಮದ್ವೆ ಆದ್ಮೇಲಲ್ವಾ ತಾತ? ಮದ್ವೆ ಫೋಟೋದಲ್ಲಿ ಇದ್ದಾರಲ್ಲ."

ಅಡುಗೆಮನೆಯಲ್ಲಿ ಪಾತ್ರೆಯೊಂದನ್ನು ಜೋರಾಗಿ ಕುಕ್ಕಿದ ಸದ್ದಾಯಿತು. ರಹಮತುನ್ನೀಸಾ ಬಾಗಿಲಿಗೆ ಬಂದಳು.

"ಬಸ್ ಕರೋ ಜೀ. ಸಾಕು ಮಾಡಿ," ಎಂದಳು ಗಂಡನಿಗೆ. "ಇನ್ನೇನು ಉಳ್ದಿದೆ ಕೊಡೋಕೆ? ನನ್ನೂ ಇವ್ರ ಹೆಂಡ್ತಿ ಅಂತ ಹೇಳ್ಬಿಡ್ತೀರಾ?"

"ಚುಪ್ ರಹೋ," ಅಂದ ಲಾಲ್ ಬಾಷಾ. ಆ ಮಾತಿನಲ್ಲಿ ಬಿರುಸು ಇರಲಿಲ್ಲ.

ಯಾಮಿನಿ ಅವಳನ್ನು ನೋಡಿದಳು, ಲಾಲ್ ಬಾಷಾನನ್ನು ನೋಡಿದಳು, ಕೊನೆಗೆ ತಾತನ ಕಡೆ ತಿರುಗಿದಳು. "ತಾತ?"

"ನಾನು ಶಿವಾಜಿನಗರ ನೋಡಿದ್ದು ಎರಡೇ ಸಲ ಕಣಮ್ಮ," ಅಂದ ಚನ್ನಕೇಶವ. ದನಿ ತನ್ನದೇ ಅನ್ನಿಸಲಿಲ್ಲ. "ಆ ಕ್ಯಾಸೆಟ್ಟಲ್ಲಿ ಊದಿರೋದು ನಾನಲ್ಲ. ಬಾಷಣ್ಣ."

ಯಾಮಿನಿ ಮೊದಲು ನಕ್ಕಳು. "ಸುಮ್ನಿರು ತಾತ, ದೊಡ್ಡೋರೆಲ್ಲ ಹಿಂಗೇ ಹೇಳೋದು, ನಂದೇನಿಲ್ಲ ಅಂತ."

"ಹಂಗಲ್ಲಮ್ಮ. ನನ್ನ ಸ್ಯಾಕ್ಸಿಗೆ ರೀಡೇ ಇರ್ಲಿಲ್ಲ. ನಾನು ಡಮ್ಮಿ. ಜನ ಕಡಿಮೆ ಕಾಣ್ಬಾರ್ದು ಅಂತ ಕೋಟು ಹಾಕ್ಸಿ ನಿಲ್ಲಿಸ್ತಿದ್ರು. ಊದೋಕೆ ಬಂದಿದ್ರೆ ಕೈ ಯಾಕೆ ಉಲ್ಟಾ ಹಿಡೀತಿದ್ದೆ? ಇವ್ರ ಎದುರಿಗೆ ನಿಂತು ನೋಡಿ ಕಲ್ತಿದ್ದು. ಫೋಟೋಗೆ ಮುಖ ಬೇಕು ಅಂದ್ರು, ಕೊಟ್ಟೆ. ಇವ್ರನ್ನ ಒಂದು ಮಾತೂ ಕೇಳ್ಲಿಲ್ಲ. ಹರ್ನಿಯಾ ಆಪರೇಷನ್ನೂ ಆಗಿಲ್ಲ ಕಣಮ್ಮ ನಂಗೆ."

ಆ ಕೊನೆಯ ಮಾತು ಯಾಕೆ ಬಂತೋ. ಇಫ್ರಾ ನಗು ತಡೆಯಲು ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ಮರುಕ್ಷಣವೇ ಅವಳ ನಗು ನಿಂತಿತು. ಅವಳು ತನ್ನ ದಾದಾನ ಸೊಟ್ಟ ಬಾಯನ್ನು ಹೊಸಬರನ್ನು ನೋಡಿದ ಹಾಗೆ ನೋಡತೊಡಗಿದಳು. "ಆ ಹಾಡು ನಾನು ದಿನಾ ಬಸ್ಸಲ್ಲಿ ಕೇಳ್ತೀನಿ ದಾದಾ," ಅಂದಳು ಮೆಲ್ಲಗೆ.

ಯಾಮಿನಿ ಏನೂ ಅನ್ನಲಿಲ್ಲ. ಅದಕ್ಕೆ ಚನ್ನಕೇಶವ ತಯಾರಾಗಿರಲಿಲ್ಲ. ಅಳುತ್ತಾಳೆ, ಕೂಗುತ್ತಾಳೆ, ಆಗ ತಾನೂ ನಾಲ್ಕು ಮಾತು ಆಡಿ ಸಮಾಧಾನ ಮಾಡಬಹುದು ಎಂದುಕೊಂಡಿದ್ದ.

"ಬಾಷಣ್ಣ, ತಪ್ಪಾಯ್ತು," ಅಂದ.

ಲಾಲ್ ಬಾಷಾ ಸಿಡುಕಿನಿಂದ ಕೈ ಬೀಸಿದ. "ಮೂವತ್ತು ವರ್ಷ ಆದ್ಮೇಲೆ ತಪ್ಪಾಯ್ತಂತೆ! ನೋಡಪ್ಪ, ನಿನಗೋಸ್ಕರ ಅಲ್ಲ ನಾನು ಹೇಳಿದ್ದು. ಈ ಮಗು ಅಷ್ಟು ದೂರದಿಂದ ತಾತ ತಾತ ಅಂತ ಬಂತು. ಅದರ ಮುಖ ಚಿಕ್ಕದಾಗ್ಬಾರ್ದು ಅಂತ ಹೇಳಿದೆ. ನಿಂಗೆ ಅದೂ ತಡ್ಕೊಳ್ಳೋಕೆ ಆಗ್ಲಿಲ್ಲ." ಗಲ್ಲಕ್ಕಿಳಿದ ಜೊಲ್ಲು ಒರೆಸಿಕೊಂಡು, "ಬೈಬೇಕು ಅಂತ ಆವತ್ತೇ ಇತ್ತು ಕಣಪ್ಪ. ಬೈದ್ರೆ ಬೆಲೆ ಕಮ್ಮಿ ಆಗುತ್ತೆ ಅಂತ ಬೈಲಿಲ್ಲ," ಅಂದ. ಯಾವುದರ ಬೆಲೆ ಎಂದು ಹೇಳಲಿಲ್ಲ. ಕೇಳುವ ಯೋಗ್ಯತೆ ತನಗಿಲ್ಲವೆಂದು ಚನ್ನಕೇಶವನಿಗೆ ಗೊತ್ತಿತ್ತು.

ಯಾಮಿನಿ ಫೋನು ಎತ್ತಿಕೊಂಡಳು. ಏನೋ ಒತ್ತಿದಳು. ರಿಂಗಾಗುತ್ತಿದ್ದ ಫೋನನ್ನು ತಾತನ ಕೈಗಿಟ್ಟಳು. "ಸುನೀಲ್ ಸರ್," ಅಂದಳು ಅಷ್ಟೇ. ಆಮೇಲೆ ಹೋಗಿ ಲಾಲ್ ಬಾಷಾನ ಮಂಚದ ತುದಿಯಲ್ಲಿ ಇಫ್ರಾಳ ಪಕ್ಕ ಕೂತಳು.

"ಸರ್! ನಮಸ್ಕಾರ ಸರ್! ನೀವೇ ಫೋನ್ ಮಾಡೋದಾ, ನನ್ ಪುಣ್ಯ ಸರ್," ಎಂದಿತು ಆ ಕಡೆಯ ದನಿ. ಅಷ್ಟು ಭಕ್ತಿಯ ದನಿಗೆ ಉತ್ತರ ಕೊಡುವುದು ಎದುರಿಗೆ ನಿಂತು ಹೇಳುವುದಕ್ಕಿಂತ ಕಷ್ಟವೆಂದು ಚನ್ನಕೇಶವನಿಗೆ ಆಗ ತಿಳಿಯಿತು. ಅವನು ಎರಡು ಸಲ ಬಾಯಿ ತೆರೆದ. ಎರಡು ಸಲವೂ ಗಾಳಿ ಮಾತ್ರ ಬಂತು. ಮೂರನೆಯ ಸಲಕ್ಕೆ ಹೇಳಿದ. ಊದಿದವರ ಹೆಸರು ಹೇಳಿದ, ಊರು ಹೇಳಿದ, ಕವರಿನ ಮೇಲೆ ತನ್ನ ಮುಖ ಬಂದದ್ದು ಹೇಗೆಂದು ಹೇಳಿದ. ನಡುವೆ ಎಲ್ಲೋ ತಪ್ಪನ್ನು ಎರ್ರಪ್ಪನ ಮೇಲೆ, ಅಂಗಡಿಯವನ ಮೇಲೆ ಹಾಕಲು ನಾಲಿಗೆ ತಿರುಗಿತು. ಎದುರಿಗೆ ರಹಮತುನ್ನೀಸಾ ನಿಂತಿದ್ದಳು. ತಿರುಗಿದ ನಾಲಿಗೆಯನ್ನು ಎಳೆದುಕೊಂಡು, "ನಾನೇ ಒಪ್ಪಿದ್ದು," ಅಂದ.

"ಹಾಗಾದ್ರೆ ನೀವು ಬ್ಯಾಂಡಲ್ಲಿ ಏನ್ಮಾಡ್ತಿದ್ರಿ?" ಎಂದ ಸುನೀಲ್‌ಕುಮಾರ್. ಸರ್ ಎನ್ನುವುದು ಬಿಟ್ಟುಹೋಗಿತ್ತು.

"ನಿಂತ್ಕೋತಿದ್ದೆ."

"ಭಾನುವಾರ ಲಾಲ್ ಬಾಷಾ ಅವರು ಬರ್ತಾರಾ?"

ಚನ್ನಕೇಶವ ಫೋನು ಕೆಳಗಿಳಿಸಿ ಕೇಳಿದ. ಲಾಲ್ ಬಾಷಾ ಹೆಂಡತಿಯ ಮುಖ ನೋಡಿದ. "ಬರ್ತಾರೆ," ಅಂದಳು ರಹಮತುನ್ನೀಸಾ. "ನಾನು ಕರ್ಕೊಂಡ್ ಬರ್ತೀನಿ. ಇವ್ರೂ ಬಂದು ಅಲ್ಲಿ ಎಲ್ಲರ ಮುಂದೆ ಇದೇ ಮಾತು ಹೇಳ್ಬೇಕು. ಫೋನಲ್ಲಿ ಹೇಳೋದು ಸಲೀಸು."

ಚನ್ನಕೇಶವ ತಲೆಯಾಡಿಸಿದ. ಈ ಸಲದ ಹೂಂ ಹೊರಡಲು ಬಹಳ ಹೊತ್ತು ಹಿಡಿಯಿತು.

ಸಂಜೆ ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಯಾಮಿನಿ ಮುಂದಿನ ಹೆಂಗಸರ ಸೀಟಿನಲ್ಲಿ ಕೂತಳು. ಅವಳ ಪಕ್ಕದ ಸೀಟು ಖಾಲಿ ಇತ್ತು. ಅವನು ಹಿಂದೆ ಹೋಗಿ ಕೂತ. ದಾರಿಯುದ್ದಕ್ಕೂ ಅವಳು ಹಿಂತಿರುಗಿ ನೋಡಲಿಲ್ಲ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಏನೋ ಕೇಳುತ್ತಿದ್ದಳು. ಏನೆಂದು ಅವನು ಊಹಿಸಬಲ್ಲವನಾಗಿದ್ದ. ಊಹಿಸುವುದು ಬೇಡವೆಂದು ಕಿಟಕಿಯಾಚೆ ಹಿಪ್ಪುನೇರಳೆ ತೋಟಗಳನ್ನು ನೋಡುತ್ತ ಕೂತ.

ಬಸ್ ಚಿಕ್ಕಬಳ್ಳಾಪುರದಲ್ಲಿ ನಿಂತಾಗ ಯಾಮಿನಿ ಮೊದಲು ಇಳಿದಳು. ಮಂಡಿ ನೋವು ಶುರುವಾದಾಗಿನಿಂದ ಅವನು ಮೆಟ್ಟಿಲಿಳಿಯುವಾಗ ಕೈ ಕೊಡುವುದು ಅವಳ ರೂಢಿ. ಇವತ್ತು ಕೊಡಲಿಲ್ಲ. ಅವನು ಬಾಗಿಲ ಸರಳು ಹಿಡಿದು, ಒಂದೊಂದೇ ಮೆಟ್ಟಿಲು ನೋಡಿಕೊಂಡು, ಹಿಂದಿನವರಿಂದ "ಬೇಗ ಇಳೀರಿ ಯಜಮಾನ್ರೇ" ಅನ್ನಿಸಿಕೊಂಡು ಇಳಿದ. ತಲೆ ಎತ್ತಿದಾಗ ಅವಳು ಹೋಗಿರಲಿಲ್ಲ. ನಂದಿ ಬಸ್ಸು ನಿಲ್ಲುವ ಜಾಗದಲ್ಲಿ, ಹತ್ತು ಮಾರು ದೂರದಲ್ಲಿ, ಆ ಕಡೆ ಮುಖ ಮಾಡಿಕೊಂಡು ಕಾಯುತ್ತಿದ್ದಳು.